ಅಡ್ಡಬಿಲ್ಲಿಗೊಂದು ಕೈ

ತೋಟದ ಮನೆ,
ಸೆಪ್ಟೆಂಬರ್, ಗುರುವಾರ ಬೆಳಗ್ಗೆ

ಗ್ಯಾರೆಟ್ ಮರಿ,

ನಿನ್ನೆ ಟಾನ್ಯ ಬಂದಿದ್ದಳು. ಜುಕಿನಿ ತರಕಾರಿ ತುರಿದು ಹಾಕಿದ ಬ್ರೆಡ್ಡು ಮಾಡಿಕೊಂಡು, ಬಿಸಿ ಆರದ ಹಾಗೆ ಬಟ್ಟೆ ಸುತ್ತಿ ತಂದಿದ್ದಳು. "ಅವರೇ ಬರ್ತಿದ್ರು ದೊಡ್ಡಮ್ಮ, ಆದ್ರೆ ಹೆಗಲು ನೋವು, ಕಾರು ಓಡಿಸೋಕಾಗಲ್ಲ" ಎಂದಳು. ನಾನು ತಲೆಯಾಡಿಸಿದೆ. ಕಾರು ಓಡಿಸಿಕೊಂಡು ಬಂದವಳು ಅವಳು, ಪಕ್ಕದ ಸೀಟಿನಲ್ಲಿ ಕೂರುವುದಕ್ಕೂ ಹೆಗಲು ಬೇಕೇನಮ್ಮ ಎಂದು ಕೇಳಲಿಲ್ಲ. ಒಳ್ಳೆಯ ಹುಡುಗಿ. ಗಂಡ ಕೊಟ್ಟ ಕೆಲಸ ಮಾಡಲು ಬಂದವಳನ್ನು ಯಾಕೆ ನೋಯಿಸಲಿ?

ಕೆಲಸ ಏನೆಂದು ಅವಳು ಎರಡನೇ ಲೋಟ ಕಾಫಿಗೆ ಬಾಯಿಬಿಟ್ಟಳು. ಬರುವ ವಾರ ಅಲ್ಲ, ಅದರಾಚೆಯ ಶನಿವಾರ ಬೇಟೆ ಕ್ಲಬ್ಬಿನ ಸಭೆ. ಬಿಲ್ಲುಬೇಟೆಯ ಕಾಲದಲ್ಲಿ ನಮ್ಮ ಗುಡ್ಡದ ಮೇಲೂ ಅಡ್ಡಬಿಲ್ಲಿಗೆ, ಅದೇ ಕೋವಿಯ ಹಾಗೆ ಕುದುರೆ ಒತ್ತಿ ಹೊಡೆಯುವ ಬಿಲ್ಲಿಗೆ, ಅನುಮತಿ ಕೊಡಬೇಕು ಅಂತ ನೀನು ಠರಾವು ತರುತ್ತೀಯಂತೆ. ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಜನ ಕೈ ಎತ್ತಬೇಕು. ಮರ್ಲ್ ಸ್ಟಿಕ್ನಿ ಎಲ್ಲರ ಮನೆ ಬಾಗಿಲು ತಟ್ಟಿ ಕೇಳಿಕೊಂಡು ಬಂದಿದ್ದಾನೆ, ಒಂದೇ ಒಂದು ಕೈ ಕಡಿಮೆ ಬೀಳುತ್ತದಂತೆ. ಆ ಕೈ ನಿನ್ನ ದೊಡ್ಡಪ್ಪನದು. ನಾನು ಅವರಿಗೆ ಹೇಳಿ ಒಪ್ಪಿಸಬೇಕಂತೆ.

ಒಪ್ಪಿಸುವ ಕಷ್ಟವೇ ಬೀಳಲಿಲ್ಲ. ನಿನ್ನ ದೊಡ್ಡಪ್ಪ ವೆಂಡೆಲ್ ಹಿಂಬಾಗಿಲಲ್ಲಿ ಬೂಟು ಬಿಚ್ಚುತ್ತಾ ಎಲ್ಲಾ ಕೇಳಿಸಿಕೊಂಡಿದ್ದರು. ಒಳಗೆ ಬಂದು, "ಕೈ ಎತ್ತಬೇಕಂತಾ? ಯಾವ ಕೈ? ಬಲಗೈ ಎದೆಗಿಂತ ಮೇಲೆ ಬರಲ್ಲ. ಎಡಗೈ ಎತ್ತಿದ್ರೆ ನಡೆಯುತ್ತೇನೋ ಕೇಳು" ಅಂದು ನಕ್ಕರು. ಆಮೇಲೆ, "ಎತ್ತುತ್ತೀನಿ ಅಂತ ಹೇಳಮ್ಮ ಅವನಿಗೆ. ಪಾಪ, ಇನ್ನೂ ಸಣ್ಣ ವಯಸ್ಸು" ಅಂದರು. ಟಾನ್ಯಳ ಕಣ್ಣಲ್ಲಿ ನೀರು ಬಂತು. ನಿನ್ನೆ ನೀನು ನೆಮ್ಮದಿಯಾಗಿ ನಿದ್ದೆ ಮಾಡಿರುತ್ತೀಯ. ಈ ಕಾಗದ ಅದರ ಮುಂದಿನ ಮಾತಿಗೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಾತು ಮುಗಿಯುವ ಮೊದಲೇ "ಆಯ್ತು ದೊಡ್ಡಮ್ಮ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಕೊನೆಯವರೆಗೆ ಓದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಾಳ್ಮೆಯಿರಲಿ.

ನೀನು ಆಗಸ್ಟಿನಲ್ಲಿ ಬೇಟೆಗೆಂದು ಮರದ ಮೇಲೆ ಅಟ್ಟಣೆ ಕಟ್ಟಲು ಹೋಗಿ ಏಣಿಯಿಂದ ಬಿದ್ದೆ ಎಂದು ಕೇಳಿದಾಗ ನಾನು ಆಸ್ಪತ್ರೆಗೆ ಬಂದಿದ್ದೆ, ನೆನಪಿರಬೇಕು. ನಿನ್ನ ಅಮ್ಮ ಇದ್ದಿದ್ದರೆ ಅವಳು ಕೂರುತ್ತಿದ್ದ ಕುರ್ಚಿಯಲ್ಲಿ ನಾನು ಕೂತಿದ್ದೆ. ಹೆಗಲಿನ ನರ ಹರಿದಿದೆ, ಈ ವರ್ಷವಂತೂ ಬಿಲ್ಲು ಎಳೆಯುವುದು ಕನಸು, ಮುಂದಿನ ವರ್ಷವೂ ಅನುಮಾನ ಎಂದು ಡಾಕ್ಟರು ಹೇಳಿದಾಗ ನಿನ್ನ ಮುಖ ನೋಡಿದೆ. ಆ ಮುಖವನ್ನು ನಾನು ಅದಕ್ಕೆ ಮೊದಲೂ ಒಂದು ಸಲ ನೋಡಿದ್ದೆ. ಬೇರೆಯವರ ಕತ್ತಿನ ಮೇಲೆ.

ಹೋದ ವರ್ಷದ ಸಭೆಯ ದಿನ ನಾನು ಕ್ಲಬ್ಬಿನ ಅಡುಗೆಮನೆಯಲ್ಲಿದ್ದೆ. ಊಟ ನೀಡುವ ಕಿಂಡಿಯಿಂದ ಎಲ್ಲಾ ಕಾಣುತ್ತಿತ್ತು. ಸರಕಾರ ಆಗಷ್ಟೇ ಅಡ್ಡಬಿಲ್ಲನ್ನು ಎಲ್ಲರಿಗೂ ಬಿಟ್ಟಿತ್ತು, ಆದರೆ ಕ್ಲಬ್ಬಿನ ಜಮೀನಿನಲ್ಲಿ ಕ್ಲಬ್ಬಿನದೇ ನಿಯಮ. ಮರ್ಲ್ ಎದ್ದು ನಿಂತು, "ನೋಡ್ರಪ್ಪಾ, ನಮ್ಮಲ್ಲಿ ಅರ್ಧ ಜನಕ್ಕೆ ಮೊಣಕಾಲಿಲ್ಲ, ಇನ್ನರ್ಧ ಜನಕ್ಕೆ ಹೆಗಲಿಲ್ಲ. ಎರಡೂ ಇರೋನು ಒಬ್ನೇ, ಅಧ್ಯಕ್ಷ. ಅವನಿಗೆ ಕರುಣೆ ಇಲ್ಲ" ಅಂದ. ಎಲ್ಲರೂ ನಕ್ಕರು. ಅಧ್ಯಕ್ಷನ ಕುರ್ಚಿಯಲ್ಲಿದ್ದ ನೀನೂ ನಕ್ಕೆ.

ನಕ್ಕು ನೀನು ಹೇಳಿದೆ: "ಮರ್ಲ್ ಮಾವ, ಅದು ಬಿಲ್ಲಲ್ಲ. ಕೋವಿಗೆ ದಾರ ಕಟ್ಟಿದ್ದು. ನನ್ನ ಮಗಳ ಕೈಗೆ ಕೊಟ್ರೂ ಹೊಡೀತಾಳೆ."

"ನಿನ್ನ ಬಿಲ್ಲಿಗೇನು ಕಮ್ಮಿ? ಎಳೆಯೋಕೆ ಸುಲಭ ಆಗ್ಲಿ ಅಂತ ತುದಿಗಳಲ್ಲಿ ಎರಡು ಚಕ್ರ ಇದೆ. ಗಂಟೆಯೊಂದು ಹಾಕಿಸ್ಕೋ, ಸೈಕಲ್ಲೇ ಆಗುತ್ತೆ."

"ಚಕ್ರ ಇದ್ರೂ ಎಳೆಯೋನು ನಾನು, ಹಿಡಿದು ನಿಲ್ಲೋನು ನಾನು. ಜಿಂಕೆ ಎದುರಿಗೆ ಬಂದಾಗ ನಡುಗೋದು ನನ್ನ ತೋಳು. ಎಳೆಯೋಕಾಗದೋನು ಮನೇಲಿ ಕೂತು ಸೂಪು ಕುಡೀಲಿ."

ಮಾತೇನೋ ಚೆನ್ನಾಗಿತ್ತು ಮರಿ. ಕೊನೆಯದೊಂದು ಬಿಟ್ಟು ಉಳಿದದ್ದೆಲ್ಲಾ ನಿನ್ನ ದೊಡ್ಡಪ್ಪನ ಮಾತೇ. ನಿನ್ನ ಅಮ್ಮ ತೀರಿಕೊಂಡ ವರ್ಷ ಇದೇ ಅಂಗಳದಲ್ಲಿ ಹುಲ್ಲಿನ ಮೂಟೆಗೆ ಗುರಿಯಿಟ್ಟು ನಿಲ್ಲಿಸಿ, "ತೋಳು ನಡುಗಿದ್ರೆ ಹೆದರ್ಬೇಡ. ಕೊಲ್ಲೋಕೆ ಮೊದ್ಲು ಮೈ ಒಂದು ಸಲ ಕೇಳುತ್ತೆ, ಅಷ್ಟೆ" ಎಂದು ಅವರು ನಿನಗೆ ಹೇಳಿದ್ದನ್ನು ನಾನು ಬಟ್ಟೆ ಒಣಹಾಕುತ್ತಾ ಕೇಳಿದ್ದೇನೆ. ಸೂಪಿನ ಮಾತು ಮಾತ್ರ ನಿನ್ನದು.

ಮರ್ಲ್ ಸುಮ್ಮನಾಗಲಿಲ್ಲ. "ನಾನು ನನಗೋಸ್ಕರ ಕೇಳ್ತಿಲ್ಲ ಕಣೋ" ಎಂದು ವೆಂಡೆಲ್ ಕಡೆ ನೋಡಿದ. ಗರಗಸದ ಮಿಲ್ಲಿನಲ್ಲಿ ದಿಮ್ಮಿ ಎಳೆದು ಎಳೆದು ಸವೆದ ಹೆಗಲು ಅದು, ಊರಿಗೇ ಗೊತ್ತು. ಅಲ್ಲಿಗೆ ಬಿಡಬಹುದಿತ್ತು ನೀನು. ಕೈ ಎತ್ತಿಸಿ, ಠರಾವು ಬಿದ್ದರೆ ಬೀಳಲಿ ಎಂದು ಊಟಕ್ಕೆ ಕರೆಯಬಹುದಿತ್ತು. ನೀನು ಎದ್ದು ಅವರ ಮೇಜಿನ ಹತ್ತಿರ ಬಂದು, ಅವರ ಹೆಗಲ ಮೇಲೆ, ಅದೇ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದೆ: "ನೀವೇ ಹೇಳಿಬಿಡಿ ದೊಡ್ಡಪ್ಪ. ನಿಮಗೆ ಅಡ್ಡಬಿಲ್ಲು ಬೇಕಾ? ಬೇಕು ಅಂದ್ರೆ ಈಗಲೇ ಕೊಟ್ಬಿಡೋಣ. ನಿಮಗೆ ಇಲ್ಲ ಅನ್ನೋರು ಯಾರಿದಾರೆ ಇಲ್ಲಿ?"

ಇಷ್ಟು ಸಿಹಿಯಾಗಿ ಒಬ್ಬರ ಬಾಯಿ ಹೊಲಿದದ್ದನ್ನು ನಾನು ನೋಡಿರಲಿಲ್ಲ. ಆ ಕ್ಲಬ್ಬಿಗೆ ಅಡಿಪಾಯದ ಕಲ್ಲು ಹೊತ್ತವರು ಅವರು. ಅಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಹೆದೆ ಏರಿಸಲು ಕಲಿಸಿದವರು ಅವರು. ಬೇಕು ಎಂದು ಹೇಗೆ ಹೇಳಿಯಾರು? "ಬೇಡ" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಕಿಂಡಿಯಲ್ಲಿ ಅವರ ಕತ್ತಿನ ಹಿಂಭಾಗ ನೋಡುತ್ತಾ ನಿಂತಿದ್ದೆ. ಅದು ಬೀಟ್ರೂಟಿನ ನೀರಲ್ಲಿ ನೆನೆಸಿದ ಮೊಟ್ಟೆಯ ಹಾಗೆ ಕೆಂಪಗಾಗಿತ್ತು.

ಬೇಡ ಎಂದ ಮೇಲೆ ಹಲಗೆ ಹತ್ತಲೇಬೇಕಲ್ಲ. ಬೇಟೆಕಾಲಕ್ಕೆ ಮೊದಲು ಸದಸ್ಯರೆಲ್ಲರೂ ಆ ಹಳೇ ಹಲಗೆಯ ಮೇಲೆ ನಿಂತು, ಹೆದೆಯನ್ನು ಪೂರ್ತಿ ಎಳೆದು, ಅಧ್ಯಕ್ಷ "ಇಳಿಸು" ಅನ್ನುವವರೆಗೆ ಹಿಡಿದು ನಿಲ್ಲುವುದು ಕ್ಲಬ್ಬಿನ ಪರೀಕ್ಷೆ. ನಿನ್ನ ದೊಡ್ಡಪ್ಪ ಆ ವಾರ ಕೊಟ್ಟಿಗೆಯಲ್ಲಿ ಕೂತು ತಮ್ಮ ಬಿಲ್ಲಿನ ಎರಡೂ ಕಡೆ ಬಾಗುವ ರೆಕ್ಕೆಗಳ ಬುಡದ ಬೋಲ್ಟುಗಳನ್ನು ಸಡಿಲಿಸಿದರು. ಎಳೆತ ಹಗುರಾಗಲಿ ಎಂದು. ಬೇಟೆಯ ಬಿಲ್ಲಿಗೆ ಎಳೆತ ಇಷ್ಟಾದರೂ ಇರಲಿ ಎಂದು ಕಾನೂನು ಅನ್ನುತ್ತದಲ್ಲ, ಆ ಅಂಚಿನವರೆಗೆ ತಂದರು. ಹಲಗೆಯ ಮೇಲೆ ನಿಂತರು, ಎಳೆದರು, ಹಿಡಿದರು. ನೀನು "ಇಳಿಸು" ಎನ್ನಲು ನಿಧಾನ ಮಾಡಿದೆ. ಇಳಿಸಿದ ಮೇಲೆ ಬಿಲ್ಲನ್ನು ಅವರ ಕೈಯಿಂದ ತೆಗೆದುಕೊಂಡು ತೂಕದ ಕೊಕ್ಕೆಗೆ ಹಾಕಿ ಎಳೆದು ನೋಡಿ, "ಪಾಸು! ನನ್ನ ಮಗಳ ಬಿಲ್ಲು ಇದಕ್ಕಿಂತ ಸ್ವಲ್ಪ ಗಟ್ಟಿ, ಆದ್ರೂ ಪಾಸು" ಎಂದು ಕೂಗಿದೆ. ಮತ್ತೆ ನಗು. ಅವರೂ ನಕ್ಕರು. ನಗದೇ ಏನು ಮಾಡುತ್ತಾರೆ?

ಹಗುರ ಬಿಲ್ಲು ಹಲಗೆಯ ಮೇಲೆ ಪಾಸಾಗುತ್ತದೆ, ಕಾಡಿನಲ್ಲಿ ಆಗುವುದಿಲ್ಲ. ಅಕ್ಟೋಬರಿನಲ್ಲಿ ಒಂದು ಹೆಣ್ಣು ಜಿಂಕೆ ಅವರ ಅಟ್ಟಣೆಯ ಕೆಳಗೆ ಬಂತು. ಬಾಣ ನಿಧಾನ. ಹೆದೆಯ ಸದ್ದು ಮೊದಲು ಮುಟ್ಟಿತು, ಅವಳು ನೆಗೆಯಲು ಮೈ ತಗ್ಗಿಸಿದಳು. ಎದೆಗೆ ಹೋಗಬೇಕಾದದ್ದು ಬೆನ್ನಿನ ಮೇಲ್ಗಡೆ ಕಚ್ಚಿ ನಿಂತಿತು, ಆಚೆಗೆ ದಾಟುವಷ್ಟು ಕಸುವಿರಲಿಲ್ಲ. ಆ ಎಳೆತದಲ್ಲೇ ಇವರ ಹೆಗಲು ಪೂರ್ತಿ ಹೋಯಿತು. ಅದನ್ನು ಅವರು ನಿಮಗಾರಿಗೂ ಹೇಳಲಿಲ್ಲ. ಒಂದೇ ಕೈಯಲ್ಲಿ ಏಣಿ ಹಿಡಿದು ಇಳಿದು, ರಕ್ತದ ಹನಿ ಹಿಡಿದು ಹೊಳೆಯವರೆಗೆ ಹೋದರು. ಅಲ್ಲಿ ಮಳೆ ಹಿಡಿಯಿತು, ಗುರುತೆಲ್ಲಾ ತೊಳೆದುಹೋಯಿತು.

ಗಾಯ ಮಾಡಿ ಜಿಂಕೆ ಕಳೆದುಕೊಂಡವನು ಆ ವರ್ಷ ಮತ್ತೆ ಬಾಣ ಬಿಡುವಂತಿಲ್ಲ. ಅದು ಅವರೇ ಬರೆಸಿದ ನಿಯಮ. ತಾವೇ ಬಂದು ಹೇಳಿಕೊಂಡರು. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ನಮ್ಮ ಶಿಕಾರಿ ಮನೆಗಳಲ್ಲಿ ಹುಡುಗಾಟ. ನಿನ್ನದೂ ಅಲ್ಲಿ ನೇತಾಡುತ್ತಿದೆ, ನೀನು ಹದಿನಾರರಲ್ಲಿ ಬಿಟ್ಟ ಬಾಣಕ್ಕೆ. ಆದರೆ ತಪ್ಪಿದ ಬಾಣಕ್ಕೆ ಆ ಶಾಸ್ತ್ರ, ನೆಟ್ಟ ಬಾಣಕ್ಕಲ್ಲ. ಗಾಯಗೊಂಡ ಜಿಂಕೆ ಕಾಡಿನಲ್ಲಿ ನರಳುತ್ತಿರುವಾಗ ಯಾರೂ ಕತ್ತರಿ ತೆಗೆಯುವುದಿಲ್ಲ. ನೀನು ತೆಗೆದೆ. "ನಿಂತ್ಕೊಳ್ಳಿ ದೊಡ್ಡಪ್ಪ, ಅಲುಗಾಡ್ಬೇಡಿ, ಬಟ್ಟೆ ಜೊತೆ ಬೇರೆ ಏನಾದ್ರೂ ಹೋದೀತು" ಅಂದೆಯಂತೆ. ನಾನು ಹೊಲಿದುಕೊಟ್ಟ ಹಸಿರು ಫ್ಲಾನೆಲ್ ಅಂಗಿ. ಮನೆಗೆ ಬಂದವರು ಕೋಟು ಬಿಚ್ಚದೇ ಊಟಕ್ಕೆ ಕೂತರು. ಸೆಖೆಯಾಗಲ್ವಾ ಅಂದೆ. ಚಳಿ ಅಂದರು.

ಇಷ್ಟೂ ನಾನು ನುಂಗಿಕೊಂಡೆ ಗ್ಯಾರೆಟ್. ಗಂಡಸರು ಸೇರಿದ ಕಡೆ ಒಬ್ಬರನ್ನೊಬ್ಬರು ಕುಕ್ಕುವುದು ಇದ್ದದ್ದೇ. ನನ್ನ ತಮ್ಮಂದಿರೂ ಹಾಗೇ ಇದ್ದರು.

ಮೂರನೆಯ ದಿನ ಬೆಳಗ್ಗೆ ಅವಳು, ಆ ಜಿಂಕೆ, ನಮ್ಮ ಕಲ್ಲುಗೋಡೆಯಾಚೆಯ ಸೇಬಿನ ಮರಗಳ ಕೆಳಗೆ ಬಂದಳು. ಬೆನ್ನಲ್ಲಿ ಬಾಣ ನಿಂತೇ ಇತ್ತು. ಅದರ ಗರಿ ಹಳದಿ, ನಿನ್ನ ದೊಡ್ಡಪ್ಪ ಬಿಟ್ಟರೆ ಈ ಗುಡ್ಡದಲ್ಲಿ ಹಳದಿ ಗರಿ ಕಟ್ಟುವವರಿಲ್ಲ. ಬಿದ್ದ ಹಣ್ಣು ತಿನ್ನಲು ತಲೆ ಬಗ್ಗಿಸುವಳು, ನೋವಿಗೆ ಮತ್ತೆ ಎತ್ತುವಳು. ನಾನು ಪಾತ್ರೆ ತೊಳೆಯುವ ಕಿಟಕಿಯಿಂದ ನೋಡುತ್ತಿದ್ದೆ, ಅವರು ನನ್ನ ಹಿಂದೆ ನಿಂತು ನೋಡುತ್ತಿದ್ದರು. ಆ ಮರಗಳಿರುವುದು ಕ್ಲಬ್ಬಿನ ನೆಲದಲ್ಲಿ. ಅವರು ಬಾಣ ಬಿಡುವಂತಿಲ್ಲ, ಬಿಡೋಣವೆಂದರೂ ಬಿಲ್ಲೆತ್ತುವ ತೋಳಿಲ್ಲ. ವನಪಾಲಕ ಎರಡು ಸಲ ಪಾಪ ಬಂದ. ಜೀಪಿನ ಸದ್ದಿಗೆ ಅವಳು ಪೊದೆ ಸೇರುತ್ತಿದ್ದಳು, ಅವನು ಹೋದ ಮೇಲೆ ಹೊರಗೆ ಬರುತ್ತಿದ್ದಳು. ಮರ್ಲ್ ಬಂದು ನೋಡಿ ಟೋಪಿ ತೆಗೆದ. "ನನ್ನ ಅಡ್ಡಬಿಲ್ಲು ಗಾಡೀಲಿದೆ ವೆಂಡೆಲ್. ಕಲ್ಲುಗೋಡೆ ಮೇಲೆ ಊರಿ ಕೂತ್ರೆ ನೀನೂ ಹೊಡೀಬಹುದು. ಒಂದು ಮಾತು ಅಧ್ಯಕ್ಷನ ಬಾಯಿಂದ ಬರ್ಲಿ ಸಾಕು" ಅಂದ. ನಿನ್ನ ದೊಡ್ಡಪ್ಪ ಒಪ್ಪಲಿಲ್ಲ. "ಅವನನ್ನ ಕೇಳ್ಬೇಡ. ನನಗೊಂದು ನಿಯಮ, ಬೇರೆಯೋರಿಗೊಂದು ನಿಯಮ ಮಾಡಿದ ಹಾಗಾಗುತ್ತೆ. ಅವನಿಗೆ ಕಷ್ಟಕ್ಕೆ ಬರುತ್ತೆ" ಅಂದರು. ನಿನಗೆ ಕಷ್ಟ ಆಗಬಾರದಂತೆ.

ಅವರು ಕೊಟ್ಟಿಗೆಗೆ ಹೋದಾಗ ನಾನು ನಿನಗೆ ಫೋನು ಮಾಡಿದೆ.

ನಿನಗೆ ನೆನಪಿದೆ. ನನಗೂ ನೆನಪಿದೆ. ನಾನು ಬೇಡಿಕೊಂಡೆ. ನೀನಾದರೂ ಬಿಲ್ಲು ತಗೊಂಡು ಬಾ ಮರಿ, ಗೋಡೆಯಿಂದ ಕಲ್ಲೆಸೆವಷ್ಟು ದೂರ, ನಿನಗೆ ಕಣ್ಣು ಮುಚ್ಚಿ ಹೊಡೆಯುವಷ್ಟು ಸುಲಭ. ಇಲ್ಲವೇ ಮರ್ಲನಿಗೆ ಒಂದು ಮಾತು ಹೇಳು, ಅವಳ ಕಷ್ಟ ಮುಗಿಯಲಿ ಎಂದೆ. ಟಿವಿಯಲ್ಲಿ ಯಾವುದೋ ಆಟ ನಡೆಯುತ್ತಿತ್ತು, ಗದ್ದಲ ಕೇಳಿಸುತ್ತಿತ್ತು. ನೀನು ನಕ್ಕೆ. "ಆ ನಿಯಮ ಬರೆಸಿದ್ದು ಯಾರು ದೊಡ್ಡಮ್ಮ? ನಿಮ್ಮ ಯಜಮಾನ್ರೇ ಅಲ್ವಾ? ಈಗ ಅನುಭವಿಸ್ಲಿ ಬಿಡಿ. ಇನ್ನೆರಡು ದಿನ, ಕಾಯೋಟಿ ನರಿಗಳೇ ನೋಡ್ಕೋತವೆ." ಆಮೇಲೆ "ಆಯ್ತು ದೊಡ್ಡಮ್ಮ" ಎಂದು ಇಟ್ಟೆ.

ನೀನು ಹೇಳಿದ್ದು ಸರಿಯಾಗಿತ್ತು. ನರಿಗಳೇ ನೋಡಿಕೊಂಡವು. ಅದನ್ನು ನಿನಗೆ ಈವರೆಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಬೆಳಗಿನ ಕಾಫಿ ಹೊತ್ತು. ಅವಳಿಗೆ ಏಳಲಾಗುತ್ತಿರಲಿಲ್ಲ, ಮರದ ಬುಡದಲ್ಲಿ ಮಲಗಿದ್ದಳು. ಅವು ಹಿಂದಿನಿಂದ ಶುರುಮಾಡಿದವು. ಸಾಯುವವರೆಗೂ ಕಾಯುವಷ್ಟು ತಾಳ್ಮೆ ಅವಕ್ಕಿಲ್ಲ. ಜಿಂಕೆ ಕೂಗುವುದಿಲ್ಲ ಅಂತ ಹೇಳುತ್ತಾರಲ್ಲ, ಅದು ಕೋವಿಯಿಂದ ಹೊಡೆದವರು ಹೇಳುವ ಮಾತು. ಕೂಗುತ್ತದೆ. ಕರುವಿನ ಹಾಗೆ ಕೂಗುತ್ತದೆ. ನಿನ್ನ ದೊಡ್ಡಪ್ಪ ಮೇಜಿನ ಮೇಲಿದ್ದ ಬ್ರೆಡ್ಡಿನ ಚೂರಿ ತಗೊಂಡು, ಮನೆಯೊಳಗಿನ ಚಪ್ಪಲಿಯಲ್ಲೇ, ಎಪ್ಪತ್ನಾಲ್ಕು ವರ್ಷದ ಮನುಷ್ಯ, ಕಲ್ಲುಗೋಡೆ ಹಾರಿ ಓಡಿದರು. ನರಿಗಳು ಓಡಿದವು. ಅವರು ಮಂಡಿಯೂರಿ ಎಡಗೈಯಲ್ಲಿ ಅವಳ ಕಣ್ಣು ಮುಚ್ಚಿ, ಸರಿಯಾಗಿ ಮೇಲೇಳದ ಬಲಗೈಯಲ್ಲಿ ಕುತ್ತಿಗೆ ಕೊಯ್ದರು. ಹಲ್ಲುಹಲ್ಲಿನ ಚೂರಿ. ತಡವಾಯಿತು. ಒಮ್ಮೆಗೇ ಆಗಲಿಲ್ಲ.

ನಿಮ್ಮ ಸಭೆಯಲ್ಲಿ ಅಡ್ಡಬಿಲ್ಲು ಬಿಲ್ಲು ಹೌದೋ ಅಲ್ಲವೋ ಎಂದು ಇನ್ನೂ ಹತ್ತು ವರ್ಷ ಜಗಳವಾಡಿಕೊಳ್ಳಿ, ನನಗೆ ಆ ವಿಷಯದಲ್ಲಿ ಏನೂ ಗೊತ್ತಿಲ್ಲ. ಆ ಬ್ರೆಡ್ಡಿನ ಚೂರಿ ಯಾವುದಕ್ಕೆ ಸೇರುತ್ತದೆ ಎಂದು ಮಾತ್ರ ಯಾರಾದರೂ ತಿಳಿದವರು ಹೇಳಬೇಕು.

ಅವರು ಬಂದು ಸಿಂಕಿನಲ್ಲಿ ಕೈ ತೊಳೆಯುತ್ತಾ ನಿಂತರು. ಬಹಳ ಹೊತ್ತು ತೊಳೆದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು: "ಗ್ಯಾರೆಟ್‌ಗೆ ಒಂದು ಮಾತು ಹೇಳ್ಬೇಕಿತ್ತು ಕಣೇ. ಅವನಿಗೆ ಗೊತ್ತಾಗಿದ್ರೆ ಊಟದ ತಟ್ಟೆ ಬಿಟ್ಟು ಓಡಿ ಬರ್ತಿದ್ದ. ನನ್ನ ಹಟ. ಅವನು ಹಾಗೆ ಬಿಡೋ ಹುಡುಗ ಅಲ್ಲ."

ನಾನು ಟವಲು ಕೊಟ್ಟೆ. ನಿನಗೆ ಫೋನು ಮಾಡಿದ್ದನ್ನು ಹೇಳಲಿಲ್ಲ. ಮಕ್ಕಳಿಲ್ಲದ ಮನುಷ್ಯ ನಿನ್ನನ್ನು ನೆಚ್ಚಿಕೊಂಡು ಬದುಕಿದ್ದಾರೆ. ಹೆಗಲು ಹೋಯಿತು, ಬಿಲ್ಲು ಹೋಯಿತು, ನೀನೊಬ್ಬ ಇದ್ದೀಯಲ್ಲ ಎಂಬುದನ್ನೂ ನಾನೇ ಯಾಕೆ ಕಿತ್ತುಕೊಳ್ಳಲಿ? ಇವತ್ತಿಗೂ ಅವರಿಗೆ ಗೊತ್ತಿಲ್ಲ. ಅದಕ್ಕೇ ನಿನ್ನೆ ಟಾನ್ಯಳಿಗೆ ಅಷ್ಟು ಸಲೀಸಾಗಿ ಹೂಂ ಅಂದರು.

ಈಗ ನಿನ್ನ ಕೆಲಸದ ವಿಷಯ. ಎರಿ ಸರೋವರದ ದಡದಲ್ಲಿ ನನ್ನ ಚಿಕ್ಕಪ್ಪನ ಮಗಳು ಡೊರೀನ್ ಇದ್ದಾಳೆ, ನಿನಗೆ ನೆನಪಿರಬಹುದು, ಕೀರಲು ದನಿಯವಳು. ನಿನ್ನೆ ಟಾನ್ಯ ಹೋದ ಮೇಲೆ ಅವಳಿಗೆ ಫೋನು ಮಾಡಿ, ಆ ಶನಿವಾರ ಬರುತ್ತೇನೆ ಅಂದೆ. ಅವಳಿಗೆ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. ನನಗೆ ಕಾರು ಬರುವುದಿಲ್ಲವಲ್ಲ, ನಿನ್ನ ದೊಡ್ಡಪ್ಪನೇ ಕರೆದುಕೊಂಡು ಹೋಗಬೇಕು. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

"ಬೇರೆ ದಿನ ಆಗಲ್ವೇನೇ? ಅವತ್ತು ಸಭೆ."

"ಆಗಲ್ಲ. ಅವಳಿಗೆ ಅವತ್ತೇ ಬೇಕು."

"ಗ್ಯಾರೆಟ್‌ಗೆ ಮಾತು ಕೊಟ್ಟಿದೀನಿ."

"ನಾನು ಕೇಳೋದು ಯಾವಾಗಲೋ ಒಂದು ಸಲ."

ಅವರು ಒಂದಿಷ್ಟು ಹೊತ್ತು ಆಲೂಗೆಡ್ಡೆಯನ್ನು ಫೋರ್ಕಿನಿಂದ ಒತ್ತುತ್ತಿದ್ದರು. "ಸರಿ. ಎದುರಿಗಿಲ್ಲದವನ ಕೈ ಲೆಕ್ಕಕ್ಕಿಲ್ಲ, ಅದೂ ನಮ್ಮ ನಿಯಮವೇ. ಹುಡುಗನಿಗೆ ಹೇಗೆ ಹೇಳೋದು?" ಅಂದರು. ನಾನು ಬರೆದು ತಿಳಿಸುತ್ತೇನೆ ಅಂದೆ. "ತುಂಬಾ ಬೇಜಾರು ಮಾಡ್ಕೊಂಡ್ರು ಅಂತ ಬರಿ. ಮುಂದಿನ ವರ್ಷ ಖಂಡಿತ ಅಂತ ಬರಿ" ಅಂದರು. ಬರೆದಿದ್ದೇನೆ.

ನಿನಗೆ ಒಂದು ದಾರಿ ಇದೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆ ಶನಿವಾರದೊಳಗೆ ಯಾವ ಸಂಜೆಯಾದರೂ ಬಾ, ಟಾನ್ಯಳನ್ನು ಕಳಿಸಬೇಡ, ನೀನೇ ಬಾ. ಅಡುಗೆಮನೆಯ ಮೇಜಿನಲ್ಲಿ ಅವರ ಎದುರು ಕೂತುಕೊ. ನಾನು ಫೋನು ಮಾಡಿದ್ದೆ, ನೀನು ಏನು ಹೇಳಿದೆ, ಅದನ್ನು ನಿನ್ನ ಬಾಯಿಂದ ಅವರಿಗೆ ಹೇಳು. ಒಂದು ಪದ ಬಿಡದೆ, ನರಿಗಳನ್ನೂ ಸೇರಿಸಿ. ಹೇಳಿದ ಮೇಲೂ ಅವರು ಕೈ ಎತ್ತುತ್ತೇನೆ ಅಂದರೆ, ಅನ್ನುತ್ತಾರೆ ಎಂದೇ ನನ್ನ ಭಯ, ನಾನು ಡೊರೀನ್ ಮನೆಗೆ ಬಸ್ಸಿನಲ್ಲಿ ಹೋಗುತ್ತೇನೆ. ಬರದೇ ಇದ್ದರೆ ನಾವು ಬೆಳಗ್ಗೆ ಬೇಗ ಹೊರಡುತ್ತೇವೆ. ಸಂಜೆ ನಾವು ತಿರುಗಿ ಬರುವ ಹೊತ್ತಿಗೆ ನೀವು ಕೈ ಎಣಿಸಿರುತ್ತೀರಿ, ಒಂದು ಕಡಿಮೆ.

ನೀನು ಬರುವುದಿಲ್ಲ ಎಂದು ನನಗೆ ಗೊತ್ತು. ನಿನ್ನನ್ನು ಎತ್ತಿ ಆಡಿಸಿದವಳು ನಾನು. ಈ ಅಕ್ಟೋಬರ್ ಪೂರ್ತಿ ನೀನು ಕಿಟಕಿಯ ಹತ್ತಿರ ಕೂತು ಬೇರೆಯವರ ಗಾಡಿಗಳು ಗುಡ್ಡ ಹತ್ತುವುದನ್ನು ನೋಡುತ್ತೀಯ. ಬೇಜಾರಾದಾಗ ಫೋನು ಮಾಡು. ನಾನು ಎತ್ತುತ್ತೇನೆ, ನೀನು ಎಷ್ಟು ಹೊತ್ತು ಮಾತಾಡಿದರೂ ಕೇಳುತ್ತೇನೆ, ಮಧ್ಯೆ ಇಡುವುದಿಲ್ಲ. ನಿನಗೆ ತಿನ್ನಲು ಏನು ಬೇಕೋ ಮಾಡಿ ಕಳಿಸುತ್ತೇನೆ. ನನ್ನ ಪ್ರೀತಿಯಲ್ಲಿ ಕೊರತೆಯಾಗಿಲ್ಲ ಮರಿ, ಕರುಣೆ ಮಾತ್ರ ಹೋದ ವರ್ಷ ಮುಗಿಯಿತು.

ಟಾನ್ಯಳಿಗೂ ಮಗಳಿಗೂ ನನ್ನ ಮುತ್ತು. ನಿನ್ನ ಹೆಗಲು ಪೂರ್ತಿ ವಾಸಿಯಾಗಲಿ ಎಂದು ದಿನಾ ಪ್ರಾರ್ಥನೆ ಮಾಡುತ್ತೇನೆ. ಅವಸರವೇನಿಲ್ಲ ಎಂದೂ ದೇವರಿಗೆ ಹೇಳಿದ್ದೇನೆ.

ನಿನ್ನ ದೊಡ್ಡಮ್ಮ,
ಆರ್ಡಿತ್